ಶಾಸಕರ ಸಾಧನೆ ಪುಸ್ತಕವನ್ನು ಓದುವುದು ಹೇಗೆ?

ಚುನಾವಣೆ ಹತ್ತಿರ ಬಂತು ಅಂದರೆ ಕರ್ನಾಟಕದ ಹಲವು ಕ್ಷೇತ್ರಗಳಲ್ಲಿ ಒಂದು ಪುಸ್ತಕ ಮನೆಮನೆಗೆ ಬರುತ್ತದೆ. ನುಣುಪು ಕಾಗದ, ಮುಖಪುಟದಲ್ಲಿ ಕೈಮುಗಿದು ನಿಂತ ಶಾಸಕರು, ಒಳಗೆ ಪುಟದ ಮೇಲೆ ಪುಟ ಗುದ್ದಲಿ ಪೂಜೆಯ ಫೋಟೊಗಳು. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಒಂದು ಮೊತ್ತ ಇರುತ್ತದೆ: ಐದು ವರ್ಷದಲ್ಲಿ ಕ್ಷೇತ್ರಕ್ಕೆ ತಂದ ಅನುದಾನ ಇಷ್ಟು ನೂರು ಕೋಟಿ. ಅದೇ ವಾರ ಎದುರಾಳಿಗಳು ಪತ್ರಿಕಾಗೋಷ್ಠಿ ಕರೆದು, ಒಂದು ರಸ್ತೆಯೂ ನೆಟ್ಟಗಾಗಿಲ್ಲ ಅನ್ನುತ್ತಾರೆ. ವಿಚಿತ್ರ ಅಂದರೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಲೇಬೇಕು ಅಂತೇನಿಲ್ಲ. ಇಬ್ಬರೂ ಬೇರೆ ಬೇರೆ ಹಂತದಲ್ಲಿ ನಿಂತು ಎಣಿಸುತ್ತಿರುತ್ತಾರೆ.

ಆ ದಪ್ಪ ಮೊತ್ತದೊಳಗೆ ಮೂರು ಥರದ ಹಣ ಕಲೆತಿರುತ್ತದೆ. ಯಾರು ಗೆದ್ದಿದ್ದರೂ ಬರುತ್ತಿದ್ದ ಹಣ ಒಂದು. ಶಾಸಕರು ವಿಧಾನಸೌಧಕ್ಕೆ ಅಲೆದು, ಮಂತ್ರಿಗಳ ಬೆನ್ನು ಹತ್ತಿ ತಂದ ಹಣ ಇನ್ನೊಂದು. ಯಾವ ಊರಿಗೆ ಎಷ್ಟು ಅಂತ ಅವರೇ ಹೇಳಿ ಹಂಚಿದ್ದು ಮೂರನೆಯದು. ಇವನ್ನು ಬಿಡಿಸಿ ನೋಡದಿದ್ದರೆ ಆ ಮೊತ್ತಕ್ಕೆ ಅರ್ಥವೇ ಇಲ್ಲ. ಇನ್ನು ಕೋಟಿಗಳ ಲೆಕ್ಕಕ್ಕೆ ಸಿಗದ ಕೆಲಸಗಳೂ ಇವೆ. ನನ್ನ ಪ್ರಕಾರ ಒಬ್ಬ ಶಾಸಕರನ್ನು ಅಳೆಯುವಾಗ ಜಾಸ್ತಿ ನೋಡಬೇಕಾದದ್ದು ಅವನ್ನೇ.

ಶಾಸಕರದ್ದೇ ಅನ್ನಬಹುದಾದ 2 ಕೋಟಿ

ಚಿಕ್ಕದರಿಂದ ಶುರು ಮಾಡೋಣ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಒಂದಿದೆ. ಎಲ್ಲರೂ ಅದನ್ನು ಸುಮ್ನೆ ಶಾಸಕರ ನಿಧಿ ಅನ್ನುತ್ತಾರೆ. ವಿಧಾನಸಭೆಯ 224 ಸದಸ್ಯರಿಗೂ ವಿಧಾನ ಪರಿಷತ್ತಿನ 75 ಸದಸ್ಯರಿಗೂ ತಲಾ ವರ್ಷಕ್ಕೆ 2 ಕೋಟಿ ರೂಪಾಯಿ. ಸಂಸದರ ನಿಧಿ ಬೇರೆ, ಅದು ವರ್ಷಕ್ಕೆ 5 ಕೋಟಿ.

2 ಕೋಟಿ ಅಂದರೆ ದೊಡ್ಡದಾಗಿ ಕೇಳುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಅದನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ 2.7 ಲಕ್ಷ ಜನ. ಅಂದರೆ ಶಾಸಕರ ನಿಧಿಯಲ್ಲಿ ತಲೆಗೆ ವರ್ಷಕ್ಕೆ ಹೆಚ್ಚುಕಡಿಮೆ 73 ರೂಪಾಯಿ. ಈಗಿನ ಜನಸಂಖ್ಯೆ ಹಿಡಿದರೆ ಇನ್ನೂ ಕಡಿಮೆ. ಹಾಗಾಗಿ ಈ ನಿಧಿಯಿಂದ ಕ್ಷೇತ್ರವೇ ಬದಲಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಶಾಸಕರ ಮನಸ್ಸು ಎಲ್ಲಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಯಾಕೆಂದರೆ ಇಲ್ಲಿ ಯಾವ ಮಂತ್ರಿಯನ್ನೂ ಕೇಳಬೇಕಿಲ್ಲ. ಮಾರ್ಗಸೂಚಿಯ ಮಿತಿಯೊಳಗೆ ಆಯ್ಕೆ ಪೂರ್ತಿ ಅವರದ್ದು.

ಹಣ ಅವರ ಕೈಗೆ ಬರುವುದಿಲ್ಲ. ಅದು ಜಿಲ್ಲಾಧಿಕಾರಿಯ ಖಾತೆಯಲ್ಲಿ ಇರುತ್ತದೆ. ಶಾಸಕರು ತಮ್ಮ ಲೆಟರ್‌ಹೆಡ್‌ನಲ್ಲಿ ಕಾಮಗಾರಿಯ ಹೆಸರು, ಊರು, ಮೊತ್ತ ಬರೆದು ಶಿಫಾರಸು ಕಳಿಸುತ್ತಾರೆ. ಜಿಲ್ಲಾಧಿಕಾರಿ ಕಚೇರಿ ಅಂದಾಜು ಪಟ್ಟಿ ತರಿಸಿಕೊಂಡು, ನಿಯಮಕ್ಕೆ ಹೊಂದುತ್ತದಾ ನೋಡಿ ಮಂಜೂರಾತಿ ಕೊಡುತ್ತದೆ. ಕೆಲಸ ಮಾಡುವುದು ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ ಅಥವಾ ಹಳೆಯ ಜನ ಇನ್ನೂ ಲ್ಯಾಂಡ್ ಆರ್ಮಿ ಅಂತಲೇ ಕರೆಯುವ ಗ್ರಾಮೀಣ ಮೂಲಸೌಲಭ್ಯ ಅಭಿವೃದ್ಧಿ ನಿಗಮ.

ಈ ಪಟ್ಟಿ ಕೈಗೆ ಸಿಕ್ಕರೆ ಮೊತ್ತ ನೋಡುವ ಮೊದಲು ಊರಿನ ಹೆಸರುಗಳನ್ನು ನೋಡಿ. ಹೋಬಳಿವಾರು ಬರೆದುಕೊಳ್ಳಿ. ನಾಲ್ಕು ಹೋಬಳಿಯ ಕ್ಷೇತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಮಗಾರಿ ಶಾಸಕರ ಸ್ವಂತ ಹೋಬಳಿಯಲ್ಲೇ ಇದ್ದರೆ ಅದೇ ಒಂದು ಸುದ್ದಿ. ಆಮೇಲೆ ಕಾಮಗಾರಿ ಎಂಥದ್ದು ಅಂತ ನೋಡಿ. ಶಾಲಾ ಕೊಠಡಿ, ಕುಡಿಯುವ ನೀರು, ಬಸ್ ತಂಗುದಾಣ, ಹೈಮಾಸ್ಟ್ ದೀಪ, ಸಮುದಾಯ ಭವನ. ಸಮುದಾಯ ಭವನಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಜಾಸ್ತಿ. ಒಂದೇ ಊರಿನಲ್ಲಿ ಜಾತಿಗೊಂದು ಭವನ ಕಟ್ಟಿ, ವರ್ಷದಲ್ಲಿ ಹತ್ತು ದಿನ ಬಾಗಿಲು ತೆರೆದರೆ ಅದು ಮತದಾರರ ಸೇವೆಯೋ ಮುಖಂಡರ ಸೇವೆಯೋ ಅಂತ ಕೇಳಬೇಕಾಗುತ್ತದೆ. ಹಾಗಂತ ಎಲ್ಲ ಭವನವೂ ದಂಡ ಅಲ್ಲ. ಮದುವೆಗೆ ಪಟ್ಟಣದ ಛತ್ರಕ್ಕೆ ಲಕ್ಷ ಸುರಿಯಲಾಗದ ಕೇರಿಗಳಲ್ಲಿ ಅದರ ಬೆಲೆ ಬೇರೆಯೇ.

ಇನ್ನೂ ಒಂದು ನೋಡಬೇಕು. ಖರ್ಚಾಗದೆ ಉಳಿದ ಹಣ ಎಷ್ಟು? ಸರ್ಕಾರ ಕಂತು ಬಿಡುಗಡೆ ಮಾಡಲು ತಡ ಮಾಡಿದ್ದರೆ ಅದು ಶಾಸಕರ ತಪ್ಪಲ್ಲ. ಬಂದ ಹಣಕ್ಕೆ ಶಿಫಾರಸೇ ಹೋಗಿಲ್ಲ ಅಂದರೆ ಅವರದ್ದೇ. ಎರಡೂ ತಾರೀಖಿನಲ್ಲಿ ಗೊತ್ತಾಗುತ್ತವೆ.

ದೊಡ್ಡ ಕೋಟಿಗಳು ಎಲ್ಲಿಂದ ಬಂದವು?

ಶಾಸಕರ ನಿಧಿಯದ್ದು ಐದು ವರ್ಷಕ್ಕೆ ಹೆಚ್ಚೆಂದರೆ 10 ಕೋಟಿ. ಹಾಗಾದರೆ ಪುಸ್ತಕದಲ್ಲಿ ನೂರಾರು ಕೋಟಿ ಹೇಗೆ ಬಂತು?

ಅದರಲ್ಲಿ ದೊಡ್ಡ ಪಾಲು ಯೋಜನೆಯ ಲೆಕ್ಕಾಚಾರದಿಂದ ತಾನಾಗಿ ಬಂದದ್ದು. ಮನೆಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ ನೋಡಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಯೋಜನೆ, ಕರ್ನಾಟಕದಲ್ಲಿ ಖರ್ಚು ಕೇಂದ್ರ, ರಾಜ್ಯ ಅರ್ಧರ್ಧ. ದೇಶದ ಎಲ್ಲ ಹಳ್ಳಿಗಳನ್ನೂ ಮುಟ್ಟಬೇಕು ಅನ್ನುವುದೇ ಅದರ ಗುರಿ. ಅದಕ್ಕೂ ಪ್ರತಿ ಊರಿನಲ್ಲಿ ಪೂಜೆ ಆಗಿದೆ, ಫಲಕ ನೆಟ್ಟಿದೆ. ಹಣಕಾಸು ಆಯೋಗದ ಅನುದಾನ ಗ್ರಾಮ ಪಂಚಾಯಿತಿಗೆ ಲೆಕ್ಕ ಹಾಕಿ ಬರುತ್ತದೆ. ಉದ್ಯೋಗ ಖಾತರಿಯ ಕೂಲಿ ಕೆಲಸ ಮಾಡಿದವರ ಖಾತೆಗೆ ಹೋಗುತ್ತದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಜಮಾನಿಯ ಖಾತೆಗೆ ಬೀಳುತ್ತದೆ. ಕ್ಷೇತ್ರದ ಫಲಾನುಭವಿಗಳನ್ನೆಲ್ಲ ಎಣಿಸಿ, ತಿಂಗಳಿಂದ ಗುಣಿಸಿ, ಬಂದ ಮೊತ್ತವನ್ನು ಸಾಧನೆಯ ಪಟ್ಟಿಗೆ ಸೇರಿಸಿದರೆ ಪುಸ್ತಕ ದಪ್ಪಗಾಗುತ್ತದೆ ಅಷ್ಟೇ. ಅದು ಸರ್ಕಾರದ ಸಾಧನೆ ಇರಬಹುದು, ಆ ಶಾಸಕರದ್ದು ಅಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಹಣ ತಾನಾಗಿ ಬಂದರೂ ಕೆಲಸ ತಾನಾಗಿ ಸರಿಯಾಗುವುದಿಲ್ಲ. ಪೈಪ್ ಹಾಕಲು ಅಗೆದ ಕಾಂಕ್ರೀಟ್ ರಸ್ತೆಯನ್ನು ಗುತ್ತಿಗೆದಾರ ಮುಚ್ಚದೆ ಹೋದ ಅನ್ನುವ ದೂರು ಎಷ್ಟು ಊರಲ್ಲಿ ಕೇಳಿಲ್ಲ? ಎಂಜಿನಿಯರನ್ನು ಕರೆಸಿ, ಅದು ಸರಿಯಾಗುವ ತನಕ ಬಿಲ್ ಮಾಡಬೇಡಿ ಅಂತ ಪಟ್ಟು ಹಿಡಿದ ಶಾಸಕರಿದ್ದರೆ ಅದು ನಿಜವಾದ ಸೇವೆ. ಅದಕ್ಕೆ ಫೋಟೊ ಇರುವುದಿಲ್ಲ.

ಎರಡನೆಯ ಥರದ ಹಣದಲ್ಲಿ ಶಾಸಕರ ಓಡಾಟ ಕಾಣುತ್ತದೆ. ಲೋಕೋಪಯೋಗಿ ಇಲಾಖೆಯ ರಸ್ತೆ, ಸೇತುವೆ, ನೀರಾವರಿ ನಿಗಮಗಳ ಕೆರೆ ತುಂಬಿಸುವ ಯೋಜನೆ, ತಾಲ್ಲೂಕು ಆಸ್ಪತ್ರೆ, ವಸತಿ ಶಾಲೆ. ಎಂಜಿನಿಯರುಗಳು ಮಾತಾಡುವಾಗ ಇದು 5054 ಕಾಮಗಾರಿ, ಅದು 3054 ಕಾಮಗಾರಿ ಅನ್ನುತ್ತಾರಲ್ಲ, ಅವು ಬಜೆಟ್ಟಿನ ಲೆಕ್ಕ ಶೀರ್ಷಿಕೆಗಳು. 5054 ಅಂದರೆ ಹೊಸ ರಸ್ತೆ, ಸೇತುವೆ, ಅಗಲೀಕರಣದ ಬಂಡವಾಳ ವೆಚ್ಚ. 3054 ಅಂದರೆ ಇರುವ ರಸ್ತೆಯ ನಿರ್ವಹಣೆ, ಗುಂಡಿ ಮುಚ್ಚುವುದು ಇತ್ಯಾದಿ. ಒಂದು ಕ್ಷೇತ್ರದ ಪಟ್ಟಿಯಲ್ಲಿ ಯಾವುದು ಎಷ್ಟಿದೆ ಅಂತ ನೋಡಿದರೆ ಹೊಸದನ್ನು ಕಟ್ಟುವ ಆಸೆ ಜಾಸ್ತಿಯೋ ಇರುವುದನ್ನು ಉಳಿಸುವ ಕಾಳಜಿ ಜಾಸ್ತಿಯೋ ತಿಳಿಯುತ್ತದೆ. ನಿರ್ವಹಣೆಗೆ ಹಾರ, ಬ್ಯಾಂಡ್‌ಸೆಟ್ಟು ಇರುವುದಿಲ್ಲ, ಅದಕ್ಕೇ ಅದು ಯಾವಾಗಲೂ ಹಿಂದೆ ಬೀಳುತ್ತದೆ.

ಈ ಹಣ ಬರುವುದರಲ್ಲಿ ಪಕ್ಷ ದೊಡ್ಡ ಪಾತ್ರ ವಹಿಸುತ್ತದೆ, ಮುಚ್ಚಿಡುವುದೇನಿದೆ? ಆಡಳಿತ ಪಕ್ಷದವರಿಗೆ ಒಂದು, ವಿರೋಧ ಪಕ್ಷದವರಿಗೆ ಇನ್ನೊಂದು ಅನ್ನುವ ಜಗಳ ಎಲ್ಲ ಸರ್ಕಾರಗಳ ಕಾಲದಲ್ಲೂ ಸದನದಲ್ಲಿ ಕೇಳಿಬಂದಿದೆ. 2023ರಲ್ಲಿ ಗ್ಯಾರಂಟಿ ಯೋಜನೆಗಳು ಶುರುವಾದ ಮೇಲೆ ಆಡಳಿತ ಪಕ್ಷದ ಶಾಸಕರೇ ಕ್ಷೇತ್ರಕ್ಕೆ ಅನುದಾನ ಸಿಗುತ್ತಿಲ್ಲ ಅಂತ ಗೊಣಗಿದರು. 2025–26ರ ಬಜೆಟ್ಟಿನಲ್ಲಿ ಕ್ಷೇತ್ರಗಳ ಮೂಲಸೌಕರ್ಯಕ್ಕೆ ಅಂತ 8,000 ಕೋಟಿ ರೂಪಾಯಿಯ ಕಾರ್ಯಕ್ರಮ ಘೋಷಣೆಯಾಯಿತು. ಅದರ ಹಂಚಿಕೆಯಲ್ಲೂ ತಾರತಮ್ಯದ ಆರೋಪ ಬಂತು. ಇನ್ನು ಶಾಸಕರು ಮಂತ್ರಿಯೇ ಆಗಿದ್ದರೆ ಲೆಕ್ಕವೇ ಬೇರೆ. ಸಂವಿಧಾನದ 91ನೇ ತಿದ್ದುಪಡಿಯಿಂದಾಗಿ ಮುಖ್ಯಮಂತ್ರಿ ಸೇರಿ 34 ಜನ ಮಾತ್ರ ಮಂತ್ರಿಗಳಾಗಬಹುದು. ಆ 34 ಕ್ಷೇತ್ರಗಳ ಕೋಟಿಗಳನ್ನು ಉಳಿದವುಗಳ ಜೊತೆ ಹೋಲಿಸುವುದು ನ್ಯಾಯವಲ್ಲ.

ಪ್ರದೇಶದ ವ್ಯತ್ಯಾಸವೂ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ವಿಶೇಷ ಸ್ಥಾನ ಬಂದ ಮೇಲೆ ಅಲ್ಲಿನ ಅಭಿವೃದ್ಧಿ ಮಂಡಳಿಗೆ ಪ್ರತ್ಯೇಕ ಹಣ ಹೋಗುತ್ತಿದೆ, ಈಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ. ಹಾಗಾಗಿ ಕಲ್ಯಾಣ ಕರ್ನಾಟಕದ ದೇವದುರ್ಗದ ಶಾಸಕರನ್ನೂ ಮಂಗಳೂರಿನ ಶಾಸಕರನ್ನೂ ತಂದ ಕೋಟಿಗಳ ಮೇಲೆ ತೂಗಿ ನೋಡುವ ಹಾಗಿಲ್ಲ. ಒಂದೇ ಕ್ಷೇತ್ರದ ಹಿಂದಿನ ಐದು ವರ್ಷ, ಈಗಿನ ಐದು ವರ್ಷ ಹೋಲಿಸುವುದು ವಾಸಿ. ಅದರಲ್ಲೂ ಒಂದು ತೊಡಕಿದೆ. 2008ರ ಚುನಾವಣೆಯಿಂದ ಕ್ಷೇತ್ರಗಳ ಗಡಿ ಬದಲಾಗಿದೆ, ಅದಕ್ಕಿಂತ ಹಿಂದಿನ ಲೆಕ್ಕ ತೆಗೆದರೆ ಅದೇ ಹೆಸರಿನ ಕ್ಷೇತ್ರ ಬೇರೆಯೇ ನೆಲ ಆಗಿರಬಹುದು.

ಈಗ ಮೊದಲ ಪ್ರಶ್ನೆಗೆ ಬರೋಣ, ಪುಸ್ತಕವೂ ಎದುರಾಳಿಯೂ ಇಬ್ಬರೂ ಹೇಗೆ ಸರಿ ಇರಬಹುದು ಅನ್ನುವುದಕ್ಕೆ. ಒಂದು ಕಾಮಗಾರಿ ಹುಟ್ಟುವುದು ಘೋಷಣೆಯಲ್ಲಿ. ಆಮೇಲೆ ಆಡಳಿತಾತ್ಮಕ ಅನುಮೋದನೆ, ಅಂದರೆ ಇಷ್ಟು ಹಣಕ್ಕೆ ಸರ್ಕಾರದ ಒಪ್ಪಿಗೆ. ಆಮೇಲೆ ಎಂಜಿನಿಯರುಗಳ ತಾಂತ್ರಿಕ ಮಂಜೂರಾತಿ. ಟೆಂಡರ್. ಕಾರ್ಯಾದೇಶ. ಕೆಲಸ. ಬಿಲ್ ಪಾವತಿ. ಸಾಧನೆ ಪುಸ್ತಕ ಎಣಿಸುವುದು ಎರಡನೆಯ ಹಂತದಲ್ಲಿ, ಕೆಲವೊಮ್ಮೆ ಮೊದಲನೆಯದರಲ್ಲೇ. ಎದುರಾಳಿ ಎಣಿಸುವುದು ಕೊನೆಯದರಲ್ಲಿ. ನಡುವೆ ಎರಡು ಮೂರು ವರ್ಷ ಸುಲಭವಾಗಿ ಕಳೆಯುತ್ತದೆ. ಬಿಲ್ ಬಾಕಿ ಅಂತ ಗುತ್ತಿಗೆದಾರ ಕೆಲಸ ನಿಲ್ಲಿಸಿದರೆ ಇನ್ನೂ ಜಾಸ್ತಿ. ಅದಕ್ಕೇ ಹಿಂದಿನವರು ಮಂಜೂರು ಮಾಡಿಸಿದ ಆಸ್ಪತ್ರೆಗೆ ಈಗಿನವರು ಟೇಪು ಕತ್ತರಿಸುತ್ತಾರೆ, ಫಲಕದಲ್ಲಿ ಯಾರ ಹೆಸರು ಮೊದಲು ಅಂತ ವೇದಿಕೆಯಲ್ಲೇ ಜಗಳವಾಗುತ್ತದೆ.

ಆಸ್ಪತ್ರೆ ಅಂದ ಕೂಡಲೇ ನೆನಪಾಯಿತು. ಕಟ್ಟಡ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ಅರಿವಳಿಕೆ ಡಾಕ್ಟರ ಹುದ್ದೆ ಕಾಣುವುದಿಲ್ಲ. ಆ ಹುದ್ದೆ ಮಂಜೂರಾಗಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಮಂಜೂರಾದ ಮೇಲೆ ತುಂಬಬೇಕು, ತುಂಬಿದ ಮೇಲೆ ಅವರು ವರ್ಗ ಮಾಡಿಸಿಕೊಂಡು ಹೋಗದ ಹಾಗೆ ನೋಡಬೇಕು. ಕಟ್ಟಡಕ್ಕಿಂತ ಇದು ಕಷ್ಟದ ಕೆಲಸ. ಹೊಸ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗದೆ ಬಸುರಿಯನ್ನು ಜಿಲ್ಲಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸುತ್ತಿದ್ದರೆ ಆ ಸಾಧನೆಗೆ ಅರ್ಧ ಅಂಕವೂ ಕೊಡಲು ನನಗೆ ಮನಸ್ಸಿಲ್ಲ.

ಶಾಸಕರು ಅಧ್ಯಕ್ಷರಾಗಿರುವ ಸಭೆಗಳು

ಶಾಸಕರ ಕೈಯಲ್ಲಿ ನಿಜವಾಗಿ ಅಧಿಕಾರ ಇರುವ ಜಾಗ ತಾಲ್ಲೂಕು ಮಟ್ಟದ ಸಮಿತಿಗಳು. ಮನೆ ಇಲ್ಲದವರಿಗೆ ಮನೆ, ನಿವೇಶನ ಹಂಚುವ ಆಶ್ರಯ ಸಮಿತಿ, ಗಂಗಾ ಕಲ್ಯಾಣದ ಕೊಳವೆಬಾವಿ ಆಯ್ಕೆ ಸಮಿತಿ, ದೇವಸ್ಥಾನಗಳ ಕೆಲಸಕ್ಕೆ ಹಣ ಕೊಡುವ ಆರಾಧನಾ ಸಮಿತಿ, ಎಲ್ಲದಕ್ಕೂ ಅವರೇ ಅಧ್ಯಕ್ಷರು. ಎಲ್ಲಕ್ಕಿಂತ ಮುಖ್ಯವಾದದ್ದು ಬಗರ್ ಹುಕುಂ ಸಮಿತಿ.

ಸರ್ಕಾರಿ ಜಮೀನನ್ನು ಹುಕುಂ ಇಲ್ಲದೆ ತಲೆತಲಾಂತರದಿಂದ ಉಳುತ್ತಾ ಬಂದವರಿಗೆ ಆ ನೆಲವನ್ನು ಸಕ್ರಮ ಮಾಡಿಕೊಡಲು ಭೂಕಂದಾಯ ಕಾಯ್ದೆಯಲ್ಲಿ ಅವಕಾಶವಿದೆ. ಹಳ್ಳಿಯವರಿಗೆ ಅದು ನಮೂನೆಯ ನಂಬರಿನಲ್ಲೇ ಗೊತ್ತು. 90ರ ದಶಕದ ಶುರುವಿನ ನಮೂನೆ 50, ಆ ದಶಕದ ಕೊನೆಯ ನಮೂನೆ 53, 2018ರ ಹೊತ್ತಿನ ನಮೂನೆ 57. ನಂದು ಐವತ್ಮೂರು ಇನ್ನೂ ಕೂತಿದೆ ಸಾಹೇಬ್ರೇ, ಅಂತ ತಾಲ್ಲೂಕು ಕಚೇರಿಯ ಮುಂದೆ ಹೇಳುವ ಅಜ್ಜಂದಿರು ಈಗಲೂ ಸಿಗುತ್ತಾರೆ.

ಅರ್ಜಿಯ ದಾರಿ ಹೀಗಿದೆ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು ಸ್ಥಳ ನೋಡಿ ವರದಿ ಕೊಡುತ್ತಾರೆ. ಅರಣ್ಯದ ಜಾಗವಾ, ಗೋಮಾಳದಲ್ಲಿ ದನಗಳಿಗೆ ಬೇಕಾದಷ್ಟು ಉಳಿಯುತ್ತದಾ, ಅರ್ಜಿದಾರ ನಿಜವಾಗಿ ಉಳುಮೆ ಮಾಡುತ್ತಿದ್ದನಾ ಅಂತ ನೋಡುತ್ತಾರೆ. ಸರ್ವೆ ಆಗುತ್ತದೆ. ಕಡತ ಸಮಿತಿಯ ಮುಂದೆ ಬರುತ್ತದೆ. ತಹಶೀಲ್ದಾರರು ಕಾರ್ಯದರ್ಶಿ, ಶಾಸಕರು ಅಧ್ಯಕ್ಷರು. ಸಮಿತಿ ಒಪ್ಪಿದರೆ ಸಾಗುವಳಿ ಚೀಟಿ. ಚೀಟಿ ಬಂತು ಅಂತ ಮುಗಿಯಲಿಲ್ಲ. ಪಹಣಿಯಲ್ಲಿ ಹೆಸರು ಕೂರಬೇಕು, ಪೋಡಿ ಆಗಬೇಕು, ಅಂದರೆ ಆ ತುಂಡನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡಬೇಕು. ಪೋಡಿ ಆಗದೆ ಜಮೀನಿಗೆ ಗಡಿಯೂ ಇಲ್ಲ, ಬ್ಯಾಂಕ್ ಸಾಲವೂ ಸಲೀಸಲ್ಲ.

ಇಲ್ಲಿ ಶಾಸಕರ ಸೇವೆಯನ್ನು ಅಳೆಯುವುದು ತುಂಬಾ ಸುಲಭ. ಸಭೆ ಸೇರಿದರಾ ಇಲ್ಲವಾ? ಚುನಾವಣೆ ಮುಗಿದು ಹೊಸ ಸಮಿತಿ ರಚನೆಯಾಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಕಡತ ಅಲುಗಾಡುವುದಿಲ್ಲ. ರಚನೆಯಾದ ಮೇಲೂ ಶಾಸಕರಿಗೆ ಪುರುಸೊತ್ತಿಲ್ಲ ಅಂದರೆ ಮುಗೀತು. ಐದು ವರ್ಷದಲ್ಲಿ ಎಷ್ಟು ಸಭೆ, ಎಷ್ಟು ಅರ್ಜಿ ವಿಲೇವಾರಿ, ಎಷ್ಟು ಒಪ್ಪಿಗೆ, ಎಷ್ಟು ತಿರಸ್ಕಾರ, ತಿರಸ್ಕಾರಕ್ಕೆ ಕಾರಣ ಬರೆದಿದ್ದಾರಾ? ಜೊತೆಗೆ ಇನ್ನೊಂದನ್ನೂ ನೋಡಬೇಕು: ಮಂಜೂರಾದವರು ಯಾರು? ಉಳುವ ಕೈ ಬಿಟ್ಟು ಹಿಂಬಾಲಕರಿಗೆ ನೆಲ ಹೋಯಿತು ಅನ್ನುವ ದೂರುಗಳು ಕೆಲವು ತಾಲ್ಲೂಕುಗಳಲ್ಲಿ ತನಿಖೆಯ ಮಟ್ಟಕ್ಕೂ ಹೋಗಿವೆ. ಹಾಗಾಗಿ ಚೀಟಿಗಳ ಸಂಖ್ಯೆ ದೊಡ್ಡದಿದ್ದರೆ ಸಾಲದು. ಒಂದು ಕಾಂಕ್ರೀಟ್ ರಸ್ತೆ ಹತ್ತು ವರ್ಷ ಬಾಳಬಹುದು. ಎರಡು ಎಕರೆಯ ಪಹಣಿ ಒಂದು ಮನೆತನದ ಗತಿಯನ್ನೇ ಬದಲಿಸುತ್ತದೆ. ಆದರೂ ಸಾಧನೆ ಪುಸ್ತಕದಲ್ಲಿ ರಸ್ತೆಗೆ ಪುಟಗಟ್ಟಲೆ, ಇದಕ್ಕೆ ಎರಡು ಸಾಲು.

ಕೆಡಿಪಿ ಸಭೆ ಇನ್ನೊಂದು. ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆ ಅಂತ ಪೂರ್ತಿ ಹೆಸರು. ಜಿಲ್ಲೆಯಲ್ಲಿ ಉಸ್ತುವಾರಿ ಮಂತ್ರಿ ನಡೆಸಿದರೆ ತಾಲ್ಲೂಕಿನಲ್ಲಿ ಶಾಸಕರು ನಡೆಸುತ್ತಾರೆ. ಎಲ್ಲ ಇಲಾಖೆಯ ಅಧಿಕಾರಿಗಳೂ ಬರಬೇಕು. ಟಿವಿಯಲ್ಲಿ ನಮಗೆ ಕಾಣುವುದು ಶಾಸಕರು ಅಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳುವ ಅರ್ಧ ನಿಮಿಷ. ಅದು ನಾಟಕ ಇರಬಹುದು, ಇಲ್ಲದೇ ಇರಬಹುದು. ಗೊತ್ತಾಗಬೇಕಾದರೆ ಆ ಸಭೆಯ ನಡವಳಿಯನ್ನೂ ಹೇಳಿದ ಕೆಲಸ ಆಯಿತಾ ಅಂತ ಅಧಿಕಾರಿಗಳು ಮುಂದಿನ ಸಭೆಗೆ ಕೊಡುವ ಅನುಪಾಲನಾ ವರದಿಯನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಒಂದೇ ಅಂಗನವಾಡಿ ಕಟ್ಟಡ ನಾಲ್ಕು ಸಭೆಯಲ್ಲೂ 'ಕ್ರಮ ವಹಿಸಲಾಗುತ್ತಿದೆ' ಅಂತಲೇ ಇದ್ದರೆ ಬೈದದ್ದು ದಂಡ.

ವಿಧಾನಸಭೆಯಲ್ಲಿ ಏನು ಮಾಡಿದರು?

ಶಾಸಕರನ್ನು ನಾವು ಆರಿಸಿ ಕಳಿಸುವುದು ಕಾನೂನು ಮಾಡಲು, ಬಜೆಟ್ಟಿಗೆ ಒಪ್ಪಿಗೆ ಕೊಡಲು, ಸರ್ಕಾರವನ್ನು ಪ್ರಶ್ನೆ ಕೇಳಲು. ಚರಂಡಿ, ಟ್ರಾನ್ಸ್‌ಫಾರ್ಮರ್ ಸಂವಿಧಾನದಲ್ಲಿ ಅವರಿಗೆ ಬರೆದುಕೊಟ್ಟ ಕೆಲಸವಲ್ಲ. ಇದನ್ನು ಹೇಳಿದರೆ ಊರಿನ ಕಟ್ಟೆಯಲ್ಲಿ ನಗುತ್ತಾರೆ, ಗೊತ್ತು. ಆದರೂ ಕ್ಷೇತ್ರದ ಸೇವೆ ಸದನದಲ್ಲೂ ಆಗುತ್ತದೆ.

ಪ್ರಶ್ನೋತ್ತರ ವೇಳೆಯನ್ನೇ ತೆಗೆದುಕೊಳ್ಳಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ನನ್ನ ತಾಲ್ಲೂಕಿನಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ, ಯಾವ ಯಾವ ಶಾಲೆಯಲ್ಲಿ ಅಂತ ಒಬ್ಬ ಶಾಸಕರು ಕೇಳಿದರೆ ಉತ್ತರದ ಜೊತೆ ಅನುಬಂಧದಲ್ಲಿ ಶಾಲೆವಾರು ಪಟ್ಟಿ ಬರುತ್ತದೆ. ನಾವು ಕಚೇರಿ ಕಚೇರಿ ಅಲೆದರೂ ಸುಲಭಕ್ಕೆ ಸಿಗದ ಮಾಹಿತಿ ಅದು. ಒಮ್ಮೆ ಮಂತ್ರಿ ಸದನದಲ್ಲಿ ಒಪ್ಪಿಕೊಂಡ ಮೇಲೆ ಅಧಿಕಾರಿಗಳು ಇಲ್ಲ ಅನ್ನುವ ಹಾಗಿಲ್ಲ. ಮಂತ್ರಿ ಕೊಟ್ಟ ಮಾತು ಏನಾಯಿತು ಅಂತ ನೋಡಲು ಭರವಸೆಗಳ ಸಮಿತಿಯೇ ಇದೆ. ಈ ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಓದುವವರು ಕಡಿಮೆ ಅಷ್ಟೇ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುವವರೇ ಅವರು. ಹಾಗಾಗಿ ಪ್ರಶ್ನೆ ಸೊನ್ನೆ ಅಂತ ಅವರನ್ನು ದೂರಬಾರದು.

ಇದಕ್ಕೆಲ್ಲ ಸದನ ಸೇರಬೇಕಲ್ಲ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ ನಮ್ಮ ರಾಜ್ಯ 2005ರಲ್ಲಿ ಕಾನೂನೇ ಮಾಡಿಕೊಂಡಿದೆ. ಬಹುತೇಕ ವರ್ಷ ಆ 60 ತುಂಬಿಲ್ಲ. ಸೇರಿದ ದಿನಗಳಲ್ಲೂ ಧರಣಿ, ಗದ್ದಲದಲ್ಲಿ ಪ್ರಶ್ನೋತ್ತರ ಕೊಚ್ಚಿಹೋಗುತ್ತದೆ. ಜೊತೆಗೆ ಪಕ್ಷಾಂತರ ನಿಷೇಧ ಕಾನೂನು ಇದೆ. ಮತದಾನದಲ್ಲಿ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಅಪ್ಪಣೆ, ಮೀರಿದರೆ ಶಾಸಕತ್ವಕ್ಕೇ ಕುತ್ತು ಬರಬಹುದು. ಆದ್ದರಿಂದ ಮಸೂದೆಗೆ ಯಾವ ಕಡೆ ಮತ ಹಾಕಿದರು ಅನ್ನುವುದರಿಂದ ನಮ್ಮಲ್ಲಿ ಶಾಸಕರ ಬಗ್ಗೆ ಹೆಚ್ಚು ತಿಳಿಯುವುದಿಲ್ಲ. ಏನು ಕೇಳಿದರು, ಯಾವುದರ ಮೇಲೆ ಮಾತಾಡಿದರು ಅನ್ನುವುದರಿಂದ ತಿಳಿಯುತ್ತದೆ.

ಇಲ್ಲಿ ಎರಡು ಹೆಸರು ಹೇಳಲೇಬೇಕು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರದ ಕಡೆಯಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದವರು. ಒಮ್ಮೆಯೂ ಮಂತ್ರಿಯಾಗಲಿಲ್ಲ, ಇದ್ದದ್ದು ವಿರೋಧ ಪಕ್ಷದಲ್ಲಿ. 1951ರ ಕಾಗೋಡು ಸತ್ಯಾಗ್ರಹದಲ್ಲಿ, ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಎದ್ದ ಆ ಹೋರಾಟದಲ್ಲಿ, ಗೇಣಿದಾರರ ಜೊತೆ ನಿಂತವರು. ಸದನದಲ್ಲಿ ಉಳುವವನ ಪರವಾಗಿ ಮಾತಾಡಿದರು. 1972ರಲ್ಲಿ ತೀರಿಕೊಂಡರು. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಮಲೆನಾಡಿನ ಗೇಣಿದಾರರು ನಮೂನೆ 7 ತುಂಬಿ ನೆಲದ ಒಡೆಯರಾದದ್ದು ಅದರಿಂದ. ಗೌಡರ ಹೆಸರಿನ ಶಂಕುಸ್ಥಾಪನೆ ಕಲ್ಲುಗಳನ್ನು ಎಣಿಸಿ ಅವರ ಸೇವೆಯನ್ನು ಅಳೆಯಲು ಹೊರಟರೆ ಏನು ಸಿಗುತ್ತದೆ ಹೇಳಿ?

ಇನ್ನೊಬ್ಬರು ಎ.ಟಿ. ರಾಮಸ್ವಾಮಿ. ಹಾಸನ ಜಿಲ್ಲೆಯ ಅರಕಲಗೂಡಿನ ಶಾಸಕರಾಗಿದ್ದಾಗ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ತನಿಖೆ ಮಾಡಿದ ಜಂಟಿ ಸದನ ಸಮಿತಿಯ ಅಧ್ಯಕ್ಷರಾಗಿದ್ದರು. 2007ರಲ್ಲಿ ಆ ಸಮಿತಿಯ ವರದಿ ದೊಡ್ಡ ಸದ್ದು ಮಾಡಿತು. ಮುಂದೆ ಭೂಕಬಳಿಕೆ ನಿಷೇಧಕ್ಕೆ ಪ್ರತ್ಯೇಕ ಕಾನೂನು, ಪ್ರತ್ಯೇಕ ನ್ಯಾಯಾಲಯ ಬಂದವು. ಆದರೆ ಬೆಂಗಳೂರಿನ ಕೆರೆಯಂಗಳ, ಗೋಮಾಳ ಉಳಿದರೆ ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರರಿಗೆ ನೇರವಾಗಿ ಏನು ಬಂತು? ಏನೂ ಇಲ್ಲ. 2008ರ ಚುನಾವಣೆಯಲ್ಲಿ ಆ ಕ್ಷೇತ್ರ ಬೇರೆಯವರನ್ನು ಆರಿಸಿತು, 2018ರಲ್ಲಿ ಮತ್ತೆ ಅವರನ್ನು ಕಳಿಸಿತು. ಸೋಲಿಗೆ ಕಾರಣ ಇದೇ ಅಂತ ನಾನು ಹೇಳುತ್ತಿಲ್ಲ. ರಾಜ್ಯಕ್ಕೆ ಮಾಡಿದ ಕೆಲಸವನ್ನು ಕ್ಷೇತ್ರದ ಸಾಧನೆ ಪುಸ್ತಕದ ಯಾವ ಪುಟದಲ್ಲಿ ಹಾಕುವುದು ಅನ್ನುವುದಷ್ಟೇ ನನ್ನ ಪ್ರಶ್ನೆ.

ಎಲ್ಲದಕ್ಕೂ ಶಾಸಕರೇ ಯಾಕೆ?

ಬೆಳಿಗ್ಗೆ ಏಳಕ್ಕೆ ಯಾವ ಶಾಸಕರ ಮನೆ ಮುಂದೆ ಹೋದರೂ ಜನ ಇರುತ್ತಾರೆ. ಆಸ್ಪತ್ರೆ ಬಿಲ್ಲಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೊಂದು ಪತ್ರ, ಮಗಳಿಗೆ ಹಾಸ್ಟೆಲ್ ಸೀಟು, ಊರಿಗೆ ಸಂಜೆ ಬಸ್ಸು, ಸುಟ್ಟ ಟ್ರಾನ್ಸ್‌ಫಾರ್ಮರ್, ಮಗನ ವರ್ಗಾವಣೆ. ಇದು ಯಾವ ದಾಖಲೆಯಲ್ಲೂ ಬರುವುದಿಲ್ಲ. ಆದರೆ ಮತ ಹಾಕುವಾಗ ಜನ ನೆನಪಿಟ್ಟುಕೊಳ್ಳುವುದು ಇದನ್ನೇ. ಫೋನ್ ಎತ್ತುವ ಶಾಸಕ, ಎತ್ತದ ಶಾಸಕ ಅನ್ನುವ ವಿಂಗಡಣೆ ಕೋಟಿಗಳಿಗಿಂತ ಗಟ್ಟಿ. ಅದನ್ನು ಹಗುರವಾಗಿ ಕಾಣುವ ಹಾಗಿಲ್ಲ. ಅದರಲ್ಲಿ ವರ್ಗಾವಣೆಯ ಪತ್ರಗಳನ್ನು ಮಾತ್ರ ನಾನು ಸೇವೆಗೆ ಸೇರಿಸಲಾರೆ. ಒಬ್ಬ ಶಿಕ್ಷಕರಿಗೆ ಉಪಕಾರ ಆದಾಗ ಎಲ್ಲೋ ಒಂದು ಶಾಲೆ ಖಾಲಿಯಾಗುತ್ತದೆ.

ಹೀಗೆ ಎಲ್ಲ ಹೊರೆ ಶಾಸಕರ ಮೇಲೆ ಬೀಳಬಾರದು ಅಂತಲೇ ಪಂಚಾಯತ್ ವ್ಯವಸ್ಥೆ ತಂದದ್ದು. ಜನ ನೀರ್ ಸಾಬ್ ಅಂತ ಕರೆದ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದಾಗ, 1987ರಲ್ಲಿ, ಜಿಲ್ಲಾ ಪರಿಷತ್ತುಗಳು ಬಂದವು. ಶಾಲೆ, ಆಸ್ಪತ್ರೆ, ನೀರು, ಹಳ್ಳಿ ರಸ್ತೆ ಜಿಲ್ಲೆಯಲ್ಲೇ ಆರಿಸಿ ಬಂದವರ ಕೈಗೆ ಹೋದವು. ಶಾಸಕರಿಗೆ ಅದು ಆಗಲೂ ಇಷ್ಟವಿರಲಿಲ್ಲ, ಆಮೇಲೂ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಬೆಂಗಳೂರು ಪಾಲಿಕೆಯಲ್ಲಿ 2020ರ ಸೆಪ್ಟೆಂಬರ್‌ನಿಂದಲೇ ಕಾರ್ಪೊರೇಟರುಗಳಿಲ್ಲದೆ ಆಡಳಿತ ನಡೆಯಿತು. ತಾಲ್ಲೂಕಿನಲ್ಲಿ ಪ್ರಶ್ನೆ ಕೇಳುವ ಇನ್ನೊಬ್ಬ ಚುನಾಯಿತ ಪ್ರತಿನಿಧಿಯೇ ಇಲ್ಲದಾಗ ಎಲ್ಲ ಸಾಧನೆಯೂ ಶಾಸಕರದ್ದೇ ಆಗುತ್ತದೆ, ಎಲ್ಲ ತಪ್ಪೂ ಅವರದ್ದೇ. ಈಚಿನ ಸಾಧನೆ ಪುಸ್ತಕಗಳು ಇಷ್ಟು ದಪ್ಪ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ನೀವೇ ನೋಡಬೇಕಾದರೆ

ಮಾಹಿತಿ ಹಕ್ಕಿನ ಅರ್ಜಿ ಸಾಕು, ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿಸಿದರೆ ಆ ನೆಪದಲ್ಲೇ ವಾಪಸ್ ಬರುತ್ತದೆ. ಶಾಸಕರ ನಿಧಿಯ ಕಾಮಗಾರಿ ಪಟ್ಟಿಗೆ ಜಿಲ್ಲಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಬಗರ್ ಹುಕುಂ ಸಭೆಗಳ ನಡವಳಿಗೆ ತಾಲ್ಲೂಕು ಕಚೇರಿಗೆ, ಕೆಡಿಪಿ ನಡವಳಿಗೆ ತಾಲ್ಲೂಕು ಪಂಚಾಯಿತಿಗೆ, ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ರಸ್ತೆಗಳ ಬಗ್ಗೆ ಕೇಳುವಾಗ ಕಾಮಗಾರಿಯ ಹೆಸರು, ಮೊತ್ತದ ಜೊತೆ ಇಷ್ಟನ್ನು ತಪ್ಪದೆ ಸೇರಿಸಿ: ಆಡಳಿತಾತ್ಮಕ ಅನುಮೋದನೆಯ ತಾರೀಖು, ಕಾರ್ಯಾದೇಶದ ತಾರೀಖು, ಕೊನೆಯ ಬಿಲ್ ಪಾವತಿಯಾದ ತಾರೀಖು, ಟೆಂಡರ್ ಆಗಿತ್ತಾ ಅಥವಾ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಕೊಟ್ಟದ್ದಾ. ಪಟ್ಟಿ ಬಂದ ಮೇಲೆ ಮೊದಲು ಪೆನ್ಸಿಲ್ ಹಿಡಿದು, ಈಗಿನ ಶಾಸಕರು ಗೆದ್ದು ಬರುವುದಕ್ಕಿಂತ ಹಿಂದೆ ಅನುಮೋದನೆಯಾದ ಕಾಮಗಾರಿಗಳನ್ನು ಬೇರೆ ಮಾಡಿ. ಅವು ಹಿಂದಿನವರ ಖಾತೆಗೆ. ಅನುಮೋದನೆಯಾಗಿ ಎರಡು ವರ್ಷ ಕಳೆದರೂ ಕಾರ್ಯಾದೇಶ ಇಲ್ಲದವನ್ನು ಇನ್ನೊಂದು ಕಡೆ ಹಾಕಿ. ಅವು ಸದ್ಯಕ್ಕೆ ಯಾರ ಖಾತೆಗೂ ಬೇಡ. ಉಳಿದ ಸಾಲುಗಳನ್ನು ಕೂಡಿಸಿ, ಪುಸ್ತಕದ ಮೊತ್ತದ ಪಕ್ಕದಲ್ಲಿ ಬರೆದು ನೋಡಿ.